ಪ್ಲಾಸ್ಟಿಕ್ ಚೀಲದ ಠರಾವೂ ಲೀಡರ ಕೊರಳೂ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರ ಹೊಟ್ಟೆಗೆ ಯಾರೂ ಕಿಚ್ಚು ಹಚ್ಚಿರುವುದಿಲ್ಲ. ನನ್ನದಕ್ಕೆ ಹಚ್ಚಿದ್ದಾರೆ. ಒಂದು ಸಲ ಹಚ್ಚಿ ಸುಮ್ಮನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಆದರೆ ನಾನು ಯಾವ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೂ ಪೆಟ್ಟು ನನ್ನ ಬೆನ್ನಿಗೆ, ಹಾರ ಲೀಡರ ಕೊರಳಿಗೆ. ಇದು ತಪ್ಪಿದ್ದೇ ಇಲ್ಲ.

ಲೀಡರು ಅಂದರೆ ನಮ್ಮೂರಿನ ಲೀಡರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಪಂಚಾಯ್ತಿ ಮೆಂಬರಿಕೆ, ಎಲ್ಲ ಸಭೆಗಳಲ್ಲೂ ನಡುವಿನ ಕುರ್ಚಿ. ಊರು ಯಾವುದು ಅಂತ ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದರ ನಡುವೆ ಬಸ್ಸು ಕೆಟ್ಟು ನಿಲ್ಲುವ ಒಂದು ಊರು ಎಂದುಕೊಳ್ಳಿ. ಹೆಸರು ಬರೆದರೆ ಊರಿಗೆ ಹೆಸರು ತಂದವನು ನಾನೇ ಎಂದು ಅವನು ಹೇಳಿಕೊಂಡು ತಿರುಗುತ್ತಾನೆ.

ನಾನು ಟೈಲರ್. ಎಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ ಚೀಲದ ವಿರುದ್ಧ ನಮ್ಮ ಸೀಮೆಯಲ್ಲಿ ಮೊದಲು ಬಾಯಿ ತೆಗೆದವನು. ಆಗ ಅದಕ್ಕೆ ದೆಹಲಿಯಲ್ಲೂ ಕಾಯ್ದೆ ಇರಲಿಲ್ಲ, ಬೆಂಗಳೂರಿನಲ್ಲೂ ಇರಲಿಲ್ಲ. ನಮ್ಮ ಪಂಚಾಯ್ತಿಯಾದರೂ ಒಂದು ಠರಾವು ಮಾಡಲಿ, ತೆಳ್ಳನೆಯ ಚೀಲ ಊರೊಳಗೆ ಬರದಿರಲಿ ಎಂಬುದೊಂದೇ ನನ್ನ ಹಟ. ಆ ಹಟದ ಹಿಂದೆ ಬಿದ್ದು ನಾನು ಪಟ್ಟ ಪಾಡು ಕೇಳಿ.

ಶಾಲೆ ಮುಚ್ಚಿತು

ನಾನು ಶಾಲೆಯಲ್ಲಿ ಕಲಿತದ್ದು ಅಕ್ಷರ ಮಾತ್ರ. ಉಳಿದದ್ದನ್ನೆಲ್ಲ ಕಿರಾಣಿ ಪೊಟ್ಟಣದಲ್ಲಿ ಕಲಿತೆ. ಶೆಟ್ಟರ ಅಂಗಡಿಯಲ್ಲಿ ಬೇಳೆ, ಬೆಲ್ಲ, ಸಾಸಿವೆ ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದರು. ಹೆಂಡತಿ ಪೊಟ್ಟಣ ಬಿಚ್ಚಿ ಡಬ್ಬಿಗೆ ಸುರಿದ ತಕ್ಷಣ ನಾನು ಹಾಳೆ ಕಸಿದುಕೊಂಡು ಓದಲು ಕೂರುತ್ತಿದ್ದೆ. ರೈತರ ಹೋರಾಟ, ಭೂಸುಧಾರಣೆ, ತುರ್ತು ಪರಿಸ್ಥಿತಿ ಎಲ್ಲ ನನಗೆ ಬೇಳೆಯ ಧೂಳಿನ ಜೊತೆಗೇ ತಿಳಿದದ್ದು. ತೊಂದರೆ ಒಂದೇ. ಸುದ್ದಿ ಯಾವಾಗಲೂ ಅರ್ಧಕ್ಕೆ ಹರಿದಿರುತ್ತಿತ್ತು.

ಒಮ್ಮೆ ದೊಡ್ಡ ಮುಷ್ಕರದ ಸುದ್ದಿ. ಪೊಲೀಸರು ಬಂದರು, ಕಾರ್ಮಿಕರು ಗೇಟಿನ ಮುಂದೆ ಕೂತರು, ಅಷ್ಟರಲ್ಲಿ ಹಾಳೆ ಮುಗಿಯಿತು. ತಡೆಯಲಾರದೆ ಶೆಟ್ಟರಲ್ಲಿಗೆ ಓಡಿದೆ.

"ಶೆಟ್ರ, ಈ ಪೇಪರಿನ ಉಳಿದರ್ಧದಾಗ ಏನು ಕಟ್ಟಿದ್ರಿ?"

"ಸಬ್ಬಕ್ಕಿ."

"ಯಾರ ಮನಿಗೆ ಹೋತು?"

"ಲೀಡರ ಮನಿಗೆ."

ನೋಡಿ, ನನ್ನ ಓದಿನ ಅರ್ಧವೂ ಅವನ ಮನೆಯಲ್ಲೇ. ಹೋಗಿ ಕೇಳಿದೆ. ಅವನ ಹೆಂಡತಿ ಒಲೆಗೆ ಹಾಕಿದೆನೆಂದರು. ಆ ಮುಷ್ಕರ ಗೆದ್ದಿತೋ ಸೋತಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂಥ ನನ್ನ ಶಾಲೆಗೆ ಒಂದು ದಿನ ಬೀಗ ಬಿತ್ತು. ಶೆಟ್ಟರು ಬೇಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಒಂದು ಅಕ್ಷರವಿಲ್ಲ. ಈ ಕಡೆಯಿಂದ ನೋಡಿದರೆ ಆ ಕಡೆಯ ಶೆಟ್ಟರ ಮುಖವೇ ಕಾಣುತ್ತಿತ್ತು.

"ಇದರಾಗ ನಾನು ಏನು ಓದ್ಲಿ?" ಅಂದೆ.

"ಓದಾಕ ಬೇಕಂದ್ರ ಪೇಪರ್ ತರಸ್ರಿ. ಬೇಳಿ ಬೇಕಂದ್ರ ಇಲ್ಲಿ ಬರ್ರಿ. ಎರಡೂ ಒಂದ ಕಡಿ ಬೇಕಂದ್ರ ಲೀಡರ ಮನ್ಯಾಗ ಕೆಲಸಕ್ಕ ಸೇರ್ರಿ."

ಎಮ್ಮೆ ಯಾರದು?

ಓದು ಹೋದಾಗ ಬರೀ ಸಿಟ್ಟು ಬಂದಿತ್ತು. ಎಮ್ಮೆ ಹೋದಾಗ ಹೋರಾಟಕ್ಕೇ ಇಳಿದೆ.

ನನ್ನ ಹೆಂಡತಿಯ ಎಮ್ಮೆ ಅದು. ತವರಿನಿಂದ ಕರುವಾಗಿದ್ದಾಗ ಹೊಡೆದುಕೊಂಡು ಬಂದಿದ್ದಳು. ನನ್ನ ಮಷಿನ್ ಓಡದ ದಿನವೂ ಅದು ಹಾಲು ಕೊಡುತ್ತಿತ್ತು. ಆ ಎಮ್ಮೆ ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು, ಒಂದು ಬೆಳಿಗ್ಗೆ ಏಳಲೇ ಇಲ್ಲ. ದನದ ಡಾಕ್ಟರು ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಹುಲ್ಲಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು. ಕುಂಬಳಕಾಯಿ ಗಾತ್ರದ ಉಂಡೆ. ಇಡೀ ಬಜಾರಿನ ಚೀಲಗಳು ಅಲ್ಲಿ ಸಂತೆ ಸೇರಿದ್ದವು.

ಆ ಉಂಡೆಯನ್ನು ಸಗಣಿ ಬುಟ್ಟಿಯಲ್ಲಿ ಹೊತ್ತುಕೊಂಡು ಪಂಚಾಯ್ತಿ ಆಫೀಸಿಗೆ ಹೋದೆ. ಸೆಕ್ರೆಟರಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಕುರ್ಚಿಯನ್ನು ಗೋಡೆಗೆ ಹತ್ತುವಷ್ಟು ಹಿಂದೆ ಸರಿಸಿ ಮೂಗು ಮುಚ್ಚಿಕೊಂಡರು.

"ಏನ್ರಿ ಇದು?"

"ನಮ್ಮೆಮ್ಮಿ ಕೊಟ್ಟ ಅರ್ಜಿ ಸಾಹೇಬ್ರ. ಪ್ಲಾಸ್ಟಿಕ್ ಚೀಲ ಬಂದ್ ಮಾಡ್ರಿ."

"ಯಾವ ಕಾಯ್ದಿ ಪ್ರಕಾರ ಬಂದ್ ಮಾಡ್ಲಿ?"

"ಎಮ್ಮಿ ಹೊಟ್ಟಿ ಪ್ರಕಾರ ಮಾಡ್ರಿ."

ಸಾಹೇಬರು ಮೂಗು ಬಿಡದೆಯೇ ಹೇಳಿದರು: "ಅದು ಆಮ್ಯಾಲ ನೋಡೋಣ. ಇಂಥಾದ್ದನ್ನ ಹಿಂಗ ತರ್ತಾರೇನ್ರಿ? ಒಂದು ಪ್ಲಾಸ್ಟಿಕ್ ಚೀಲದಾಗ ಕಟ್ಕೊಂಡ್ ಬರಬಾರದಾ?"

ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿಗೆ ಬಂದಿದ್ದ ಲೀಡರು ಉಂಡೆ ನೋಡಿ ಜುಬ್ಬಾದ ತುದಿಯಿಂದ ಕಣ್ಣೊರೆಸಿಕೊಂಡ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗೋಮಾತೆಯ ಬಗ್ಗೆ ಮಾತಾಡಿದ. ಎಮ್ಮೆ ಗೋಮಾತೆ ಯಾವಾಗ ಆಯಿತೋ ಗೊತ್ತಿಲ್ಲ. ಅಲ್ಲಿದ್ದ ಪೇಪರಿನವನೊಬ್ಬ ಏನು ಕೇಳಿಸಿಕೊಂಡನೋ, "ಪ್ಲಾಸ್ಟಿಕ್ ನುಂಗಿ ಮುಖಂಡರ ಹಸು ಸಾವು" ಅಂತ ಸುದ್ದಿ ಮಾಡಿದ. ಮಾರನೆಯ ದಿನ ಹಡಗಲಿಯಿಂದ, ಹರಪನಹಳ್ಳಿಯಿಂದ ಜನ ಅವನ ಮನೆಗೆ ಸಮಾಧಾನ ಹೇಳಲು ಬಂದರು. ಅವನು ಬಂದವರಿಗೆಲ್ಲ ಚಹಾ ಕೊಟ್ಟು, ಸಾವು ಯಾರನ್ನು ಬಿಟ್ಟಿದೆ ಅನ್ನುತ್ತಿದ್ದ.

ನನ್ನ ಪಕ್ಕದ ಸೈಕಲ್ ಶಾಪಿನ ಸಾಬರು ಅದನ್ನು ನೋಡಿಕೊಂಡು ಬಂದು ಹೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಕೂಗಾಡಿದೆ: "ಸತ್ತಿದ್ದು ನಮ್ಮೆಮ್ಮಿ, ದುಃಖ ಅವಂದಂತ!"

ಹೆಂಡತಿ ಹಾಲಿಲ್ಲದ ಚಹಾ ಮುಂದಿಟ್ಟಳು. "ಅವನ ಹಸು ಸತ್ತೈತಿ ಅಂತ ಪೇಪರ್‌ನಾಗ ಬಂದೈತಲ್ಲ, ಹಾಲು ಮಾತ್ರ ನಮ್ಮ ಮನ್ಯಾಗ ಯಾಕ ನಿಂತೈತಿ ಅಂತ ಕೇಳಿ ಬರ್ರಿ."

ಹಡಗಲಿ ಕಡೆಯ ಮಳೆ

ಪಂಚಾಯ್ತಿ ಕೇಳದಿದ್ದರೆ ಜನ ಕೇಳಲಿ ಎಂದು ಸಾಬರ ಶಾಪಿನ ಬಾಡಿಗೆ ಸೈಕಲ್ ಹತ್ತಿ ಊರೂರು ತಿರುಗಿದೆ. ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿಯವರು ಕೇಳಿಸಿಕೊಂಡು ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಕೊಟ್ಟರು. ಹಗರಿಬೊಮ್ಮನಹಳ್ಳಿಯಲ್ಲಿ ಒಗ್ಗರಣೆಯನ್ನೂ ಕೊಡಲಿಲ್ಲ.

ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಮಾತ್ರ ಜನ ಕಟ್ಟೆ ತುಂಬ ಕೂತಿದ್ದರು. ನನಗೆ ಹುರುಪು ಬಂತು. "ಪ್ಲಾಸ್ಟಿಕ್ ಅನ್ನೋದು ಮಣ್ಣಿಗೆ ವಿಷ, ದನಕ್ಕೆ ಯಮ, ಮನಿಯೊಳಗ ಇಟ್ಕೋಬ್ಯಾಡ್ರಿ, ಮೈಗೆ ತಾಗಿಸ್ಕೋಬ್ಯಾಡ್ರಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅಷ್ಟರಲ್ಲಿ ಮಳೆ ಬಂತು. ಸಭೆ ಚೆದುರುತ್ತದೆ ಎಂದುಕೊಂಡೆ. ಒಬ್ಬರೂ ಏಳಲಿಲ್ಲ. ಎಲ್ಲರೂ ಕಂಕುಳಿಂದ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ತೆಗೆದು, ಮೂಲೆ ಮಡಚಿ, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮತ್ತೆ ನನ್ನ ಮುಖ ನೋಡುತ್ತ ಕೂತರು. ಹಿಂದೆಲ್ಲ ಕಂಬಳಿ ಕೊಪ್ಪೆ ಹಾಕುತ್ತಿದ್ದ ಜನ. ನೆನೆದ ಕಂಬಳಿ ಎಮ್ಮೆಯಷ್ಟು ಭಾರ, ಈ ಹಾಳೆ ಹೂವಿನಷ್ಟು ಹಗುರ. ಕಟ್ಟೆಯ ತುಂಬ ಪ್ಲಾಸ್ಟಿಕ್ ತಲೆಗಳು, ನಡುವೆ ನೆನೆದ ಕೋಳಿಯಂತೆ ನಾನೊಬ್ಬನು.

ಒಬ್ಬ ಮುದುಕ ತನ್ನ ಕೊಪ್ಪೆಯ ಅಂಚು ಎತ್ತಿ ಕರೆದ: "ಏ ತಮ್ಮಾ, ಒಳಗ ಬಾ. ಅಲ್ಲಿಂದ್ಲೇ ಬೈ."

ನೆಗಡಿ ಬರುವ ಲಕ್ಷಣ ಕಂಡಿತು. ಒಳಗೆ ಹೋದೆ. ಅಲ್ಲಿಂದಲೇ ಬೈದೆ.

ನಾನು ಜ್ವರ ಹಿಡಿದು ಮಲಗಿದ್ದಾಗ ಲೀಡರು ಅದೇ ಹಳ್ಳಿಗೆ ಹೋಗಿ, ಅದೇ ಕಟ್ಟೆಯ ಮೇಲೆ, ನನ್ನವೇ ಮಾತುಗಳನ್ನು ಆಡಿದನಂತೆ. ಅವತ್ತು ಬಿಸಿಲು. ಚಪ್ಪಾಳೆ ಬಿತ್ತು, ಹಾರ ಬಿತ್ತು, ತೆಂಗಿನಕಾಯಿಯೂ ಸಿಕ್ಕಿತು. ನಾನು ಸಾಬರ ಮುಂದೆ ಹಲ್ಲು ಕಡಿದೆ: "ಮಾತು ನಂದು ಸಾಬ್ರ. ಒಂದಕ್ಷರ ಬಿಟ್ಟಿಲ್ಲಂತ!"

ಸಾಬರು ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ ಅಂದರು: "ಮಾತು ನಿಂದ ಭಾಯಿ. ಹವಾ ಅವಂದು."

ಲೀಡರು ಕೊಟ್ಟ ಚೀಲ

ಅಷ್ಟರಲ್ಲಿ ಬಜಾರಿನಲ್ಲಿ ಒಂದು ಮಾತು ಹುಟ್ಟಿತು. "ಟೈಲರ್‌ಗೆ ಪ್ಲಾಸ್ಟಿಕ್ ಮ್ಯಾಲೆ ಯಾಕ ಸಿಟ್ಟು ಗೊತ್ತೇನು? ಅದು ಬಂದ್ ಆದ್ರ ಎಲ್ಲರೂ ಅರಿವಿ ಚೀಲ ಹೊಲಿಸ್ತಾರ. ಮಷಿನ್ ಓಡ್ತೈತಿ." ಹುಟ್ಟಿಸಿದವರು ಶೆಟ್ಟರೇ ಇರಬೇಕು. ನನಗೆ ಎಂಥ ರೋಷ ಬಂತೆಂದರೆ, ಅಂಗಡಿಯಲ್ಲಿದ್ದ ತುಂಡು ಬಟ್ಟೆಗಳನ್ನೆಲ್ಲ ರಾಶಿ ಹಾಕಿ ಪುಕ್ಕಟೆ ಚೀಲ ಹೊಲಿಯಲು ಕೂತೆ. ಅಂಗಿಯ ತುಂಡು, ಲಂಗದ ತುಂಡು, ಪೈಜಾಮದ ತುಂಡು. ಒಂದೊಂದು ಚೀಲಕ್ಕೂ ಮೂರು ಬಣ್ಣ. ಯಾವ ಮುಖದಿಂದ ನನ್ನನ್ನು ಸ್ವಾರ್ಥಿ ಅಂತಾರೋ ನೋಡೋಣ ಅಂತ.

ಲೀಡರು ಬಂದ. "ಲೇ ಟೈಲರ್, ಬೀದ್ಯಾಗ ನಿಂತು ಹಂಚಿದ್ರ ಯಾರು ಕೇಳ್ತಾರ? ಸಂತಿಯೊಳಗ ಒಂದು ಸ್ಟೇಜ್ ಹಾಕ್ಸೋಣ. ಮೈಕು ನಂದು."

ಮೈಕು ಎಂದರೆ ಯಾರಿಗೆ ಆಸೆಯಿಲ್ಲ? ಒಪ್ಪಿದೆ. ಸಂತೆಯ ದಿನ ಸ್ಟೇಜಿನ ಮೇಲೆ ಅವನು, ಕೆಳಗೆ ಗಂಟು ಬಿಚ್ಚುತ್ತ ನಾನು. ನಾನು ಚೀಲ ಮೇಲೆ ಕೊಡುವುದು, ಅವನು ಕೈ ಚಾಚಿ ಹೆಂಗಸರಿಗೆ ಕೊಟ್ಟು ನಗುವುದು. ಸಭೆ ಮುಗಿಯುವ ಹೊತ್ತಿಗೆ ನನ್ನ ನಡು ಹಿಡಿದಿತ್ತು. ಅವನಿಗೆ ನಗೆ ಹಿಡಿದಿತ್ತು, ಬಾಯಿ ಮುಚ್ಚಿಕೊಳ್ಳಲೇ ಆಗುತ್ತಿರಲಿಲ್ಲ.

ಮುಂದಿನ ಸಂತೆಗೆ ಹೋಗಿ ಕಣ್ಣರಳಿಸಿ ಹುಡುಕಿದೆ. ನನ್ನ ಚೀಲ ಒಂದೂ ಇಲ್ಲ! ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್. ಅವತ್ತು ಚೀಲ ತೆಗೆದುಕೊಂಡಿದ್ದ ಒಬ್ಬ ಅಜ್ಜಿ ಬದನೆಕಾಯಿ ಕೊಳ್ಳುತ್ತಿದ್ದಳು. ಅಡ್ಡಗಟ್ಟಿದೆ.

"ಅಮ್ಮಾ, ಅರಿವಿ ಚೀಲ ಎಲ್ಲೈತಿ?"

"ಮನ್ಯಾಗ ಐತಪ್ಪಾ."

"ಸಂತಿಗೆ ಯಾಕ ತರ್ಲಿಲ್ಲ?"

"ಅಯ್ಯ! ಲೀಡರಪ್ಪ ಕೈಯಾರೆ ಕೊಟ್ಟ ಚೀಲ. ಬದ್ನಿಕಾಯಿ ಹಾಕಿ ಹೊಲಸು ಮಾಡ್ಲೇನು? ಧೂಳು ಕುಂದ್ರಬಾರ್ದಂತ ಒಂದು ಪ್ಲಾಸ್ಟಿಕ್ ಚೀಲದಾಗ ಸುತ್ತಿ ಟ್ರಂಕಿನ್ಯಾಗ ಇಟ್ಟೀನಿ."

ಜಯವೋ ಧಿಕ್ಕಾರವೋ

ಕೊನೆಗೂ ಠರಾವು ಆಯಿತು. ಊರಿನ ಚರಂಡಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು, ಒಂದು ಮಳೆಗೆ ನೀರು ಸೀದಾ ಪಂಚಾಯ್ತಿ ಆಫೀಸಿನೊಳಗೇ ನುಗ್ಗಿದ ಮೇಲೆ ಎಲ್ಲ ಮೆಂಬರುಗಳಿಗೂ ಒಮ್ಮೆಲೇ ಬುದ್ಧಿ ಬಂತು. ಸೂಚಿಸಿದವನು ಲೀಡರು. ಊರಿನ ಸರಹದ್ದಿನೊಳಗೆ ಯಾವ ಅಂಗಡಿಯಲ್ಲೂ, ಸಂತೆಯಲ್ಲೂ ತೆಳು ಪ್ಲಾಸ್ಟಿಕ್ ಚೀಲ ಇಡಬಾರದು, ಇಟ್ಟರೆ ದಂಡ. ಅವನಿಗೆ ಕೂಡ್ಲಿಗಿಯಲ್ಲಿ ಕರೆದು ಹಾರ ಹಾಕಿದರು. ನಾನು ಪೆಂಡಾಲಿನ ಗೂಟಕ್ಕೆ ಒರಗಿ ನಿಂತು ನೋಡಿದೆ. ಚೆಂಡುಹೂವಿನ ಹಾರ, ಮೊಣಕಾಲಿನವರೆಗೂ ಇತ್ತು. ನನ್ನ ಎತ್ತರಕ್ಕೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು.

ಆದರೆ ನಮ್ಮ ಮಂದಿಯ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಸಂತೆ ನಡೆಯುವುದು ಹಳ್ಳದ ದಂಡೆಯಲ್ಲಿ. ಹಳ್ಳದ ಈಚೆ ನಮ್ಮೂರ ಸರಹದ್ದು, ಆಚೆ ಬೇರೆ ಹಳ್ಳಿಯದು. ಠರಾವಾದ ಮೊದಲ ಸಂತೆಗೆ ತರಕಾರಿಯವರು, ಮೆಣಸಿನಕಾಯಿಯವರು, ಮಂಡಕ್ಕಿಯವರು ಎಲ್ಲರೂ ಗಂಟು ಕಟ್ಟಿಕೊಂಡು ಹಳ್ಳ ದಾಟಿಬಿಟ್ಟರು. ನಮ್ಮ ದಂಡೆಯಲ್ಲಿ ಉಳಿದದ್ದು ದಂಡ ಹಾಕಲು ಬಂದ ಪಂಚಾಯ್ತಿ ಜವಾನ ಮತ್ತು ಒಂದು ಕತ್ತೆ. ಹೆಂಗಸರು ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಡೆದು ಸಂತೆ ಮಾಡಿದರು. ಸಂತೆಯ ಜನ ಈ ಕಡೆ ಬರದೆ ಶೆಟ್ಟರ ಅಂಗಡಿ ಭಣಭಣ ಎಂದಿತು, ಚಹಾದ ಅಂಗಡಿ ತಣ್ಣಗಾಯಿತು.

ಊರು ಎದ್ದಿತು. ಠರಾವು ವಾಪಸ್ ತೆಗೆಯಿರಿ ಎಂದು ಲೀಡರ ಮನೆಗೆ ನುಗ್ಗಿದರು. ಅವತ್ತು ತನ್ನ ಜನ್ಮದಲ್ಲೇ ಮೊದಲ ಸಲ ಅವನು ಸತ್ಯ ನುಡಿದ.

"ನಂದೇನೈತ್ರಪ್ಪಾ? ಇದಕ್ಕೆಲ್ಲ ಪೂರ್ತಿ ಕಾರಣ ನಮ್ಮ ಟೈಲರು. ಕೀರ್ತಿ ಎಲ್ಲಾ ಅವಂದ. ಅವನ ಅಂಗಡಿ ಗೊತ್ತೈತಲ್ಲ?"

ಗುಂಪು ಸೀದಾ ನನ್ನ ಅಂಗಡಿಗೆ ಬಂತು. ಬಜಾರು ತುಂಬಿತ್ತು. ಮುಂದೆ ನಿಂತ ಬಾಳೆಹಣ್ಣಿನ ಬಂಡಿಯವನು ಕೈ ಎತ್ತಿ ಕೂಗಿದ: "ಟೈಲರಿಗೆ!" ಉಳಿದವರು: "ಧಿಕ್ಕಾರ!" ಮತ್ತೆ "ಟೈಲರಿಗೆ!" "ಧಿಕ್ಕಾರ!" ಯಾರೋ ಹರಕು ಪ್ಲಾಸ್ಟಿಕ್ ಚೀಲಗಳನ್ನು ದಾರಕ್ಕೆ ಪೋಣಿಸಿ ತಂದಿದ್ದರು. ಅದನ್ನು ನನ್ನ ಕೊರಳಿಗೆ ಹಾಕಿ ಹೋದರು.

ಸಂಜೆ ಹೆಂಡತಿ ಅಳುತ್ತ ಕೂತಿದ್ದಳು. ನಾನು ಸಮಾಧಾನ ಮಾಡಿದೆ. "ಅಳಬ್ಯಾಡ. ಇಡೀ ಬಜಾರು ನನ್ನನ್ನ ಕೂಗೈತಿ ಇವತ್ತು."

"ಕೂಗಿದ್ದು ಧಿಕ್ಕಾರ ರೀ!"

"ಇರ್ಲಿ. ಆ ಲೀಡರ್‌ಗೆ ಇಷ್ಟು ವರ್ಷದಾಗ ಒಂದು ಧಿಕ್ಕಾರನಾದ್ರೂ ಸಿಕ್ಕೈತೇನು?"

ಆದರೆ ಒಳಗೆ ಹೆದರಿಕೆ ಇತ್ತು. ಮುಂದಿನ ಮೀಟಿಂಗಿನಲ್ಲಿ ಠರಾವು ಹೋಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ತೆಗೆಯುವವನೂ ಲೀಡರೇ. ಹೋದರೆ ಎಮ್ಮೆ ಸತ್ತದ್ದೂ ದಂಡ, ನಾನು ತಿರುಗಿದ್ದೂ ದಂಡ. ಅವನ ಕಾಲು ಹಿಡಿಯಬೇಕೋ ಕೊರಳು ಹಿಡಿಯಬೇಕೋ ಎಂದು ಯೋಚಿಸುತ್ತಿರುವಾಗ ಅವನೇ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಮುಖ ಬಾಡಿತ್ತು.

"ಎಷ್ಟು ಮಂದಿ ಬಂದಿದ್ರೋ?"

"ಬಜಾರು ತುಂಬಿತ್ತು."

"ಹೆಂಗಸರೂ ಬಂದಿದ್ರಾ?"

"ಅವರದೇ ದನಿ ಜೋರಿತ್ತು."

ಅವನು ನನ್ನ ಮಷಿನಿನ ಚಕ್ರ ತಿರುಗಿಸಿದ. "ನನ್ನ ಎಲೆಕ್ಷನ್ ಮೆರವಣಿಗಿಗೆ ಮಂಡಕ್ಕಿ, ಮಿರ್ಚಿ, ಚಾ ಕೊಟ್ರೂ ಅರ್ಧ ಬಜಾರು ತುಂಬಿರ್ಲಿಲ್ಲ ಲೇ. ನಿನಗ ಪುಕ್ಕಟೆ ಬಂದಾರ."

ನಾನು ಬೆರಗಾಗಿ ನೋಡಿದೆ. ಅವನ ಕಣ್ಣಲ್ಲಿ ಕಂಡದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಉರಿ. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಇದ್ದದ್ದು ಅದೇ.

ಮಾರನೆಯ ದಿನ ಅವನು ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಾಕಿಸಿ ನಿಂತ. "ಬಡ ಟೈಲರನ್ನ ಯಾಕ ಬೈತೀರಿ? ಅವನಿಗೇನು ತಿಳಿತೈತಿ? ಈ ಠರಾವು ನಂದು. ತಿಳ್ದು ಮಾಡೀನಿ. ಪ್ರಾಣ ಹೋದ್ರೂ ವಾಪಸ್ ತಗಿಯಂಗಿಲ್ಲ. ಹಳ್ಳದಾಚೆ ಪಂಚಾಯ್ತಿಯವ್ರ ಕೂಡ ಮಾತಾಡೀನಿ, ಅಲ್ಲೂ ಬಂದ್ ಮಾಡಿಸ್ತೀನಿ. ಧಿಕ್ಕಾರ ಕೂಗಾಕ ಬೇಕಂದ್ರ ಮೆರವಣಿಗಿ ಕಟ್ಕೊಂಡು ನನ್ನ ಮನಿಗೆ ಬರ್ರಿ!"

ನನಗೆ ಸಿಕ್ಕಿದ್ದ ಒಂದೇ ಒಂದು ಧಿಕ್ಕಾರವನ್ನೂ ಅವನೇ ಹೊಡೆದುಕೊಂಡ. ಸಿಟ್ಟು ತಡೆಯದೆ ನಾನೂ ಮೆರವಣಿಗೆಗೆ ಸೇರಿದೆ. ನನ್ನ ಠರಾವಿನ ವಿರುದ್ಧ ಹೊರಟ ಮೆರವಣಿಗೆಗೆ ನಾನೇ! ಅವನ ಮುಖದ ಮುಂದೆ ನಿಂತು ಒಮ್ಮೆಯಾದರೂ ಧಿಕ್ಕಾರ ಕೂಗಬೇಕು, ಆಮೇಲೆ ಏನಾದರೂ ಆಗಲಿ ಎನ್ನುವಷ್ಟು ಉರಿಯಿತ್ತು.

ಮೊದಲಿಗಿಂತ ಹೆಚ್ಚು ಜನ ಸೇರಿದ್ದರು. ಲೀಡರು ಹೊಸ ಇಸ್ತ್ರಿಯ ಜುಬ್ಬಾ ಹಾಕಿಕೊಂಡು, ಕೈ ಮುಗಿದು, ಕಟ್ಟೆಯ ಮೇಲೆ ಸಿದ್ಧವಾಗಿ ನಿಂತಿದ್ದ. ಬಾಳೆಹಣ್ಣಿನ ಬಂಡಿಯವನು ಮುಂದೆ ಹೋಗಿ, ಉಸಿರು ತುಂಬಿಕೊಂಡು, ಕೈ ಎತ್ತಿ ಕೂಗಿದ:

"ನಮ್ಮ ಲೀಡರಿಗೆ!"

ನಮ್ಮೂರಿನಲ್ಲಿ ಧ್ವಜ ಏರಿಸಿದಾಗ, ಬೋರ್‌ವೆಲ್ ಹೊಡೆದಾಗ, ಎಲೆಕ್ಷನ್ ಗೆದ್ದಾಗ, ಸೋತಾಗಲೂ ಈ ಕೂಗಿಗೆ ಉತ್ತರ ಒಂದೇ. ಗಂಟಲುಗಳಿಗೆ ಅದು ರೂಢಿಯಾಗಿ ಹೋಗಿತ್ತು. ಯೋಚಿಸಲು ಯಾರಿಗೂ ಪುರಸೊತ್ತಾಗಲಿಲ್ಲ. ಇಡೀ ಮೆರವಣಿಗೆ ಒಂದೇ ದನಿಯಲ್ಲಿ ಕೂಗಿತು:

"ಜಯವಾಗಲಿ!"

ಕೂಗಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂಡಿಯವನು ಎತ್ತಿದ ಕೈಯನ್ನು ಇಳಿಸಲೋ ಬೇಡವೋ ಎಂದು ಹಾಗೇ ನಿಂತ. ಹೆಂಗಸರು ಸೆರಗು ಬಾಯಿಗಿಟ್ಟು ನಗಲು ಶುರು ಮಾಡಿದರು. ನಕ್ಕ ಮೇಲೆ ಮತ್ತೆ ಧಿಕ್ಕಾರ ಕೂಗುವುದು ಹೇಗೆ? ಲೀಡರು ಎಲ್ಲರಿಗೂ ಚಹಾ ಹೇಳಿದ. ಠರಾವು ಉಳಿಯಿತು.

ಬರುವಾಗ ಸಾಬರು ನನ್ನ ಹೆಗಲ ಮೇಲೆ ಕೈ ಹಾಕಿ ಅಂದರು: "ಭಾಯಿ, ನಾನು ನಿನ್ನ ಬಾಜೂಕ ನಿಂತಿದ್ದೆ. ಎಲ್ಲರಕಿಂತ ಜೋರು ಕೂಗಿದಾವ ನೀನ."